ಡಾಕರ್‌ನಲ್ಲಿರುವ ನೆಕ್ಸ್ಟ್‌ಕ್ಲೌಡನ್ನು 28ರಿಂದ 31ಕ್ಕೆ ಒಯ್ಯಬೇಕು, ಕಚೇರಿ ಕೆಲಸ ನಿಲ್ಲಬಾರದು: ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ಹನ್ನೆರಡು ಜನರ ಆಡಿಟರ್ ಕಚೇರಿ. ಒಂದೇ ಸರ್ವರ್, ಅದೂ ಕಚೇರಿಯಲ್ಲೇ ಇದೆ. ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್, ಅವನ್ನೆಲ್ಲ ಒಂದೇ ಫೈಲಿನಿಂದ ನಡೆಸುವ ಡಾಕರ್ ಕಂಪೋಸ್. ಅದರ ಮೇಲೆ ಫೈಲ್ ಹಂಚಿಕೆಯ ನೆಕ್ಸ್ಟ್‌ಕ್ಲೌಡ್ 28, ಡೇಟಾಬೇಸ್ ಆಗಿ ಪೋಸ್ಟ್‌ಗ್ರೆಸ್ 13, ತಾತ್ಕಾಲಿಕ ಮಾಹಿತಿಗೆ ರೆಡಿಸ್, ಎಲ್ಲಕ್ಕೂ ಮುಂದೆ ಹೊರಗಿನ ಕೋರಿಕೆಗಳನ್ನು ಒಳಗೆ ಕಳಿಸುವ ಪ್ರಾಕ್ಸಿಯಾಗಿ ಕ್ಯಾಡಿ. 600 ಜಿಬಿಯಷ್ಟು ಫೈಲುಗಳು. 31ಕ್ಕೆ ಹೋಗಬೇಕು, ಪೋಸ್ಟ್‌ಗ್ರೆಸ್ಸನ್ನೂ ಹೊಸದು ಮಾಡಬೇಕು, ಆದರೆ ಕಾಲು ಗಂಟೆಗಿಂತ ಹೆಚ್ಚು ನಿಲ್ಲಿಸುವ ಹಾಗಿಲ್ಲ. "ಟ್ಯಾಗ್ ಎಲ್ಲಾ ಲೇಟೆಸ್ಟ್ ಮಾಡಿ ಡೌನ್ ಕೊಟ್ಟು ಅಪ್ ಕೊಡು, ಮುಗೀತು ಅಂತ ಗೆಳೆಯ ಹೇಳ್ತಾನೆ, ಹಾಗೇ ಮಾಡಲಾ?" ಅಂತ ಕೇಳಿದ್ದೀರಿ. (ಕಂಟೇನರ್ ಹುಟ್ಟುವ ಅಚ್ಚಿಗೆ ಇಮೇಜ್ ಅನ್ನುತ್ತಾರೆ, ಟ್ಯಾಗ್ ಅದರ ಆವೃತ್ತಿಯ ಗುರುತು. ಡೌನ್ ಕಂಟೇನರ್‌ಗಳನ್ನು ನಿಲ್ಲಿಸಿ ತೆಗೆಯುತ್ತದೆ, ಅಪ್ ಎಬ್ಬಿಸುತ್ತದೆ.)

ದಯವಿಟ್ಟು ಹಾಗೆ ಮಾಡಬೇಡಿ. ನೆಕ್ಸ್ಟ್‌ಕ್ಲೌಡ್ ಒಂದು ಮೇಜರ್ ಆವೃತ್ತಿಯನ್ನು ಹಾರಿ ಮುಂದಿನದಕ್ಕೆ ಹೋಗಲು ಬಿಡುವುದಿಲ್ಲ. 28ರಿಂದ 29, ಅಲ್ಲಿಂದ 30, ಆಮೇಲೆ 31. ನೇರವಾಗಿ ಜಿಗಿಸಿದರೆ, ಒಂದು ಸಲಕ್ಕೆ ಒಂದೇ ಮೇಜರ್ ಆವೃತ್ತಿ ಎಂದು ಲಾಗ್‌ನಲ್ಲಿ ಹೇಳಿ ಕಂಟೇನರ್ ನಿಂತುಬಿಡುತ್ತದೆ. ಪೋಸ್ಟ್‌ಗ್ರೆಸ್ಸೂ ಅಷ್ಟೇ: 13 ಬರೆದ ಡೇಟಾ ಫೋಲ್ಡರನ್ನು ಅದಕ್ಕಿಂತ ಹೊಸ ಮೇಜರ್ ಆವೃತ್ತಿ ಓದಲು ಒಪ್ಪುವುದಿಲ್ಲ. 18ರ ಇಮೇಜ್‌ನಲ್ಲಂತೂ ವಾಲ್ಯೂಮ್ (ಕಂಟೇನರ್ ಹೋದರೂ ಡೇಟಾ ಉಳಿಯುವ ಸಂಗ್ರಹ) ಜೋಡಿಸುವ ಜಾಗವೇ ಬದಲಾಗಿದೆ. ಅಂದರೆ ಗೆಳೆಯರ ಮಾತು ಕೇಳಿದರೆ ಎರಡೂ ಒಟ್ಟಿಗೆ ಮಲಗುತ್ತವೆ, ಯಾವುದು ಯಾಕೆ ಮಲಗಿತು ಅಂತ ಹುಡುಕುವುದರಲ್ಲೇ ನಿಮ್ಮ ಕಾಲು ಗಂಟೆ ಮುಗಿದಿರುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಂದೇ ಸರ್ವರ್‌ನಲ್ಲಿರುವ ನೆಕ್ಸ್ಟ್‌ಕ್ಲೌಡನ್ನು ಒಂದು ಕ್ಷಣವೂ ನಿಲ್ಲಿಸದೆ ಮೇಜರ್ ಅಪ್‌ಗ್ರೇಡ್ ಮಾಡಲು ಆಗುವುದಿಲ್ಲ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಓಡಿಸಿ, ಪ್ರಾಕ್ಸಿಯಲ್ಲಿ ದಾರಿ ತಿರುಗಿಸುವ ಉಪಾಯ ನೀವು ಎಲ್ಲೋ ಓದಿರಬಹುದು. ತನ್ನದೇ ಡೇಟಾ ಇಟ್ಟುಕೊಳ್ಳದ ಸರ್ವಿಸ್‌ಗಳಿಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಇಲ್ಲಿ ಎರಡು ಆವೃತ್ತಿಗಳಿಗೂ ಡೇಟಾಬೇಸ್ ಒಂದೇ. ಹೊಸದು ಬಂದ ಕೂಡಲೇ ಟೇಬಲ್‌ಗಳ ರಚನೆ ಬದಲಿಸುತ್ತದೆ, ಹಳೆಯದಕ್ಕೆ ಆ ರಚನೆ ಗೊತ್ತಿರುವುದಿಲ್ಲ. ಹಾಗಾಗಿ ಸ್ವಲ್ಪ ಹೊತ್ತು ಬಾಗಿಲು ಹಾಕಲೇಬೇಕು.

ಆದರೆ ಆ ಸ್ವಲ್ಪ ಹೊತ್ತು ನೀವು ಹೆದರಿದಷ್ಟು ಕಷ್ಟದ್ದಲ್ಲ. ನೆಕ್ಸ್ಟ್‌ಕ್ಲೌಡ್ ಮೇಂಟೆನೆನ್ಸ್ ಮೋಡ್‌ನಲ್ಲಿ ಇದ್ದಾಗ 503, ಅಂದರೆ ಸದ್ಯಕ್ಕೆ ಸೇವೆ ಇಲ್ಲ, ಅನ್ನುವ ಉತ್ತರ ಕೊಡುತ್ತದೆ. ಡೆಸ್ಕ್‌ಟಾಪ್ ಕ್ಲೈಂಟ್ ಅದನ್ನು ನೋಡಿ ಸುಮ್ಮನೆ ಕಾದು, ಮತ್ತೆ ಪ್ರಯತ್ನಿಸುತ್ತದೆ. ನಿಮ್ಮ ಸಿಬ್ಬಂದಿ ಲ್ಯಾಪ್‌ಟಾಪ್‌ನಲ್ಲಿ ಸಿಂಕ್ ಆಗಿರುವ ಎಕ್ಸೆಲ್ ಶೀಟ್ ತೆಗೆದು ಕೆಲಸ ಮಾಡುತ್ತಲೇ ಇರಬಹುದು, ಸರ್ವರ್ ಬಂದ ಮೇಲೆ ಬದಲಾವಣೆ ತಾನಾಗಿ ಮೇಲೆ ಹೋಗುತ್ತದೆ. ತೊಂದರೆ ಆಗುವುದು ಬ್ರೌಸರ್‌ನಲ್ಲಿ ಕೆಲಸ ಮಾಡುವವರಿಗೆ, ಮತ್ತು ನೀವು ಲಿಂಕ್ ಕಳಿಸಿರುವ ಕಕ್ಷಿದಾರರಿಗೆ. ಜಿಎಸ್‌ಟಿ ರಿಟರ್ನ್‌ನ 11 ಮತ್ತು 20ನೇ ತಾರೀಖಿನ ಹತ್ತಿರ ಹೋಗಬೇಡಿ. ತಿಂಗಳ ಕೊನೆಯ ವಾರದ ಒಂದು ಸಂಜೆ ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ಇಂಥ ಸಣ್ಣ ಕಚೇರಿಗಳ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿ ನಾನು ಕಂಡುಕೊಂಡದ್ದು ಇದು: ಬಾಗಿಲು ಹಾಕಿದ ಮೇಲೆ ಬೇಗ ಬೇಗ ಮಾಡಿದರೆ ಡೌನ್‌ಟೈಮ್ ಕಡಿಮೆಯಾಗುವುದಿಲ್ಲ, ಬಾಗಿಲು ಹಾಕುವ ಮುಂಚೆ ಏನೇನು ಮಾಡಿ ಮುಗಿಸಿದ್ದೀರಿ ಅನ್ನುವುದರಿಂದ ಕಡಿಮೆಯಾಗುತ್ತದೆ. ಮದುವೆ ಮನೆಯಲ್ಲಿ ಅಡುಗೆಯವರು ತರಕಾರಿಯನ್ನೆಲ್ಲ ಹಿಂದಿನ ರಾತ್ರಿಯೇ ಹೆಚ್ಚಿಟ್ಟು ಮಲಗುತ್ತಾರಲ್ಲ, ಹಾಗೆ.

ಇಮೇಜ್‌ಗಳಿಂದ ಶುರು ಮಾಡಿ. ಕಂಪೋಸ್ ಫೈಲಿನಲ್ಲಿ ಲೇಟೆಸ್ಟ್ ಅಂತ ಇದ್ದರೆ ಇವತ್ತೇ ತೆಗೆಯಿರಿ, ಈಗ ಓಡುತ್ತಿರುವ ಆವೃತ್ತಿಯ ಪೂರ್ತಿ ಸಂಖ್ಯೆ ಬರೆಯಿರಿ. ನಂತರ 28ರ ಸರಣಿಯ ಕೊನೆಯ ಪ್ಯಾಚ್‌ಗೆ ಮೊದಲು ಹೋಗಿ. ಮುಂದಿನ ಆವೃತ್ತಿಯ ಇಮೇಜನ್ನು ಹಗಲಲ್ಲೇ ಡಾಕರ್ ಪುಲ್ ಕೊಟ್ಟು ಇಳಿಸಿಟ್ಟುಕೊಳ್ಳಿ. ಪುಲ್ ಮಾಡುವುದರಿಂದ ಓಡುತ್ತಿರುವ ಕಂಟೇನರ್‌ಗೆ ಏನೂ ಆಗುವುದಿಲ್ಲ. ಬಾಗಿಲು ಹಾಕಿ ಆಮೇಲೆ ಇಮೇಜ್ ಇಳಿಸಲು ಕೂತವರನ್ನು ನೋಡಿದ್ದೇನೆ. ಅವತ್ತೇ ಇಂಟರ್ನೆಟ್ ಕೈಕೊಟ್ಟಿರುತ್ತದೆ, ಇಲ್ಲವೇ ಡಾಕರ್ ಹಬ್‌ನ ಇಳಿಕೆಯ ಮಿತಿ ಅಡ್ಡ ಬಂದಿರುತ್ತದೆ. ಹಳೆಯ ಇಮೇಜನ್ನೂ ಡಿಸ್ಕ್‌ನಲ್ಲೇ ಉಳಿಸಿಕೊಳ್ಳಿ. ಜಾಗ ಸಾಲದು ಅಂತ ಬಳಸದ ಇಮೇಜ್‌ಗಳನ್ನು ಅಳಿಸುವ ಪ್ರೂನ್ ಕೊಡುವ ಅಭ್ಯಾಸ ಇದ್ದರೆ, ಈ ಕೆಲಸ ಪೂರ್ತಿ ಮುಗಿಯುವವರೆಗೆ ಅದನ್ನು ಬಿಡಿ.

ಆಮೇಲೆ ತಾಲೀಮು. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ ಅಂತ ನನ್ನ ಖಚಿತ ಅಭಿಪ್ರಾಯ. ಬೇರೆ ಫೋಲ್ಡರ್‌ನಲ್ಲಿ, ಬೇರೆ ಪ್ರಾಜೆಕ್ಟ್ ಹೆಸರಿನಲ್ಲಿ, ಬೇರೆ ಪೋರ್ಟ್‌ನಲ್ಲಿ ಇದೇ ಸ್ಟ್ಯಾಕ್‌ನ ನಕಲು ಎಬ್ಬಿಸಿ. ಸಾಧ್ಯವಾದರೆ ಬೇರೆ ಮಷೀನಿನಲ್ಲೇ ಮಾಡಿ. ಪಿಜಿ-ಡಂಪ್ ಕೊಟ್ಟು ಡೇಟಾಬೇಸ್‌ನ ನಕಲು ತೆಗೆಯಿರಿ. ಓಡುತ್ತಿರುವ ಪೋಸ್ಟ್‌ಗ್ರೆಸ್‌ನಿಂದಲೇ ತೆಗೆಯಬಹುದು, ಆರಂಭವಾದ ಕ್ಷಣದ ಚಿತ್ರವನ್ನು ಅದು ಪೂರ್ತಿ ಹೊಂದಿಕೆಯಾಗಿಯೇ ಕೊಡುತ್ತದೆ, ಯಾರನ್ನೂ ತಡೆಯುವುದಿಲ್ಲ. 600 ಜಿಬಿ ಫೈಲುಗಳನ್ನೆಲ್ಲ ನಕಲು ಮಾಡುವ ಅಗತ್ಯ ಇಲ್ಲ. ಅಪ್‌ಗ್ರೇಡ್‌ನ ಭಾರ ಇರುವುದು ಹೆಚ್ಚಾಗಿ ಡೇಟಾಬೇಸ್‌ನಲ್ಲಿ, ಅದರಲ್ಲೂ ಪ್ರತಿ ಫೈಲಿಗೂ ಒಂದೊಂದು ಸಾಲು ಇರುವ ಫೈಲ್‌ಕ್ಯಾಶ್ ಟೇಬಲ್‌ನಲ್ಲಿ. ಒಬ್ಬಿಬ್ಬರ ಫೋಲ್ಡರ್ ಇದ್ದರೆ ತಾಲೀಮಿಗೆ ಸಾಕು.

ನಕಲನ್ನು ಎಬ್ಬಿಸುವ ಮುಂಚೆ ಅದರ ಕಾನ್ಫಿಗ್ ಫೈಲಿನಲ್ಲಿ ಮೇಲ್ ಸರ್ವರ್‌ನ ವಿವರ ತೆಗೆದುಹಾಕಿ, ಹಿನ್ನೆಲೆ ಕೆಲಸಗಳನ್ನು ನಿಗದಿತ ಹೊತ್ತಿಗೆ ಓಡಿಸುವ ಕ್ರಾನ್ ಕಂಟೇನರ್ ಏಳದಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ತಾಲೀಮಿನ ನಕಲು ನಿಮ್ಮ ನಿಜವಾದ ಕಕ್ಷಿದಾರರಿಗೆ ನೋಟಿಫಿಕೇಶನ್ ಮೇಲ್ ಕಳಿಸಲು ಶುರು ಮಾಡುತ್ತದೆ. ಹೊರಗಿನ ಸ್ಟೋರೇಜ್ ಜೋಡಿಸಿದ್ದರೆ ಅದನ್ನೂ ಕಿತ್ತುಬಿಡಿ, ನಕಲಿನ ಕೈಗೆ ನಿಜವಾದ ಫೈಲು ಸಿಗಬಾರದು.

ಈಗ ನಕಲಿನಲ್ಲಿ ಟ್ಯಾಗ್ 29 ಮಾಡಿ ಎಬ್ಬಿಸಿ, ಗಡಿಯಾರ ಹಿಡಿದು ಲಾಗ್ ನೋಡುತ್ತಾ ಕೂರಿ. ಮೊದಲು ಹೊಸ ಆವೃತ್ತಿಯನ್ನು ಇನಿಶಿಯಲೈಸ್ ಮಾಡುತ್ತಿದ್ದೇನೆ ಅನ್ನುವ ಸಾಲು ಬರುತ್ತದೆ. ಆ ಹೊತ್ತಿನಲ್ಲಿ ಇಮೇಜ್‌ನ ಒಳಗಿರುವ ಹೊಸ ಕೋಡ್, ಸಾವಿರಾರು ಚಿಕ್ಕ ಚಿಕ್ಕ ಪಿಎಚ್‌ಪಿ ಫೈಲುಗಳು, ನಿಮ್ಮ ವಾಲ್ಯೂಮ್‌ಗೆ ನಕಲಾಗುತ್ತಿರುತ್ತವೆ. ವಾಲ್ಯೂಮ್ ತಿರುಗುವ ಹಾರ್ಡ್‌ಡಿಸ್ಕ್ ಮೇಲಿದ್ದರೆ ಇದಕ್ಕೇ ಹಲವು ನಿಮಿಷ ಹಿಡಿಯಬಹುದು, ಲಾಗ್‌ನಲ್ಲಿ ಏನೂ ಚಲನೆ ಕಾಣುವುದಿಲ್ಲ. ಹೆಚ್ಚಿನವರು ಹೆದರಿ ಕಂಟೇನರ್ ಕೊಲ್ಲುವುದು ಇಲ್ಲೇ. ಕೊಲ್ಲಬೇಡಿ. ನಕಲು ಮುಗಿದ ಮೇಲೆ ಅದೇ ತಾನಾಗಿ ಆಕ್-ಅಪ್‌ಗ್ರೇಡ್ (ಆಕ್ ಅಂದರೆ ನೆಕ್ಸ್ಟ್‌ಕ್ಲೌಡ್‌ನ ಕಮಾಂಡ್ ಸಾಧನ) ಓಡಿಸುತ್ತದೆ, ಆಗ ಒಂದೊಂದು ಆಪ್‌ನ ಹೆಸರೂ ಸರಸರ ಸಾಗುತ್ತದೆ. ನಿಮ್ಮಲ್ಲಿ ಅನ್‌ಹೆಲ್ದಿ ಕಂಟೇನರನ್ನು ತಾನಾಗಿ ರಿಸ್ಟಾರ್ಟ್ ಮಾಡುವ ಯಾವುದಾದರೂ ಸಾಧನ ಇದ್ದರೆ ಅದನ್ನು ಅವತ್ತು ನಿಲ್ಲಿಸಿ. ಬರಿಯ ಡಾಕರ್ ಹೆಲ್ತ್‌ಚೆಕ್ ಸೋತರೂ ಸುಮ್ಮನಿರುತ್ತದೆ, ಆದರೆ ಸ್ವಾರ್ಮ್ (ಹಲವು ಸರ್ವರ್‌ಗಳಲ್ಲಿ ಕಂಟೇನರ್ ನಡೆಸುವ ಡಾಕರ್ ವ್ಯವಸ್ಥೆ) ಮತ್ತು ಇಂಥ ಕಾವಲು ಸಾಧನಗಳು ಅಪ್‌ಗ್ರೇಡ್ ಅರ್ಧದಲ್ಲಿರುವಾಗಲೇ ಕಂಟೇನರನ್ನು ಬೀಳಿಸುತ್ತವೆ.

ತಾಲೀಮು ಮುಗಿದಾಗ ನಿಮ್ಮ ಕೈಯಲ್ಲಿ ಎರಡು ವಿಷಯ ಇರುತ್ತವೆ. ನಿಮ್ಮದೇ ಡೇಟಾಗೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದು ಒಂದು, ಹೊಸ ಆವೃತ್ತಿಗೆ ಹೊಂದದೆ ನಿಷ್ಕ್ರಿಯವಾದ ಆಪ್‌ಗಳು ಯಾವುವು ಅನ್ನುವುದು ಇನ್ನೊಂದು. ನಿಮ್ಮ ಕಚೇರಿ ನಂಬಿಕೊಂಡಿರುವ ಆಪ್ ಒಂದು ಆ ಪಟ್ಟಿಯಲ್ಲಿ ಇದ್ದರೆ, ಅದು ಗೊತ್ತಾಗಬೇಕಾದ್ದು ಇವತ್ತು, ಬಾಗಿಲು ಹಾಕಿದ ಸಂಜೆಯಲ್ಲಿ ಅಲ್ಲ.

ನಿಜವಾದ ಸಂಜೆಗೆ ಬರೋಣ. ಬ್ಯಾಕಪ್‌ಗೆ ಹೆಚ್ಚು ಹೊತ್ತು ಹೋಗುತ್ತದೆ ಅಂತ ನೀವು ಬರೆದಿದ್ದೀರಿ. ಅದನ್ನು ಎರಡು ಸುತ್ತಿನಲ್ಲಿ ಮಾಡಿ. ಮಧ್ಯಾಹ್ನವೇ, ಎಲ್ಲರೂ ಕೆಲಸ ಮಾಡುತ್ತಿರುವಾಗಲೇ, ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್ ಕೊಟ್ಟು 600 ಜಿಬಿಯನ್ನೂ ಇನ್ನೊಂದು ಡಿಸ್ಕ್‌ಗೆ ಹಾಕಿ. ಬಾಗಿಲು ಹಾಕಿದ ಮೇಲೆ ಅದನ್ನೇ ಮತ್ತೊಮ್ಮೆ ಓಡಿಸಿದರೆ ಮಧ್ಯಾಹ್ನದಿಂದ ಈಚೆಗೆ ಬದಲಾದ ಫೈಲುಗಳು ಮಾತ್ರ ಹೋಗುತ್ತವೆ. ಡೇಟಾ ಜೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಅಥವಾ ಎಲ್‌ವಿಎಂ ಎಂಬ ಡಿಸ್ಕ್ ವ್ಯವಸ್ಥೆಗಳ ಮೇಲಿದ್ದರೆ ಇನ್ನೂ ಸುಲಭ, ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ದಾಖಲೆ) ತೆಗೆಯಲು ಕೆಲವೇ ಸೆಕೆಂಡು ಸಾಕು. ಆದರೆ ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕ್‌ನಲ್ಲಿ. ಡಿಸ್ಕ್ ಹೋದರೆ ಅದೂ ಹೋಗುತ್ತದೆ, ಹಾಗಾಗಿ ಹೊರಗಿನ ನಕಲು ಬೇಕೇ ಬೇಕು.

ಬಾಗಿಲು ಹಾಕುವ ಕ್ರಮ ಹೀಗೆ. ಮೊದಲು ಕ್ಯಾಡಿಯಲ್ಲಿ ನಿಮ್ಮ ಕಂಪ್ಯೂಟರ್‌ನ ಐಪಿ ಬಿಟ್ಟು ಉಳಿದವರಿಗೆಲ್ಲ 503 ಹೋಗುವಂತೆ ಮಾಡಿ, ಎಷ್ಟು ಹೊತ್ತಿಗೆ ಮರಳುತ್ತದೆ ಅನ್ನುವ ಒಂದು ಸಾಲಿನ ಪುಟ ಇಡಿ. ಕಕ್ಷಿದಾರರಿಗೆ ಅಷ್ಟು ಮರ್ಯಾದೆ ಸಲ್ಲಬೇಕು. ಆಮೇಲೆ ಕ್ರಾನ್ ಕಂಟೇನರ್ ನಿಲ್ಲಿಸಿ. ಅದೂ ಇದೇ ವಾಲ್ಯೂಮ್‌ನ ಕೋಡ್ ಓಡಿಸುವುದರಿಂದ, ಕೋಡ್ ಬದಲಾಗುತ್ತಿರುವಾಗ ಅದು ಎದ್ದಿರಬಾರದು. ನಂತರ ಮೇಂಟೆನೆನ್ಸ್ ಮೋಡ್ ಆನ್. ಎರಡನೇ ಸುತ್ತಿನ ಆರ್‌ಸಿಂಕ್, ಕಸ್ಟಮ್ ರೂಪದಲ್ಲಿ ಪಿಜಿ-ಡಂಪ್, ಕಾನ್ಫಿಗ್ ಫೈಲಿನ ಒಂದು ಪ್ರತಿ. ಫೈಲುಗಳೂ ಡೇಟಾಬೇಸೂ ಒಂದೇ ಕ್ಷಣದವು ಆಗಿರುವುದು ಇಲ್ಲಿ ಮುಖ್ಯ. ಡಂಪ್ ಫೈಲಿನ ಗಾತ್ರ ನೋಡಿ, ಪಿಜಿ-ರಿಸ್ಟೋರ್‌ನಿಂದ ಅದರ ಪಟ್ಟಿ ತೆರೆಯುತ್ತದೆಯೇ ನೋಡಿ, ಆಮೇಲೆ ಮುಂದುವರಿಯಿರಿ.

ಈಗ ಕಂಪೋಸ್ ಫೈಲಿನಲ್ಲಿ ಟ್ಯಾಗ್ ಬದಲಿಸಿ ಡಾಕರ್ ಕಂಪೋಸ್ ಅಪ್ ಮೈನಸ್ ಡಿ, ಕೊನೆಯಲ್ಲಿ ನೆಕ್ಸ್ಟ್‌ಕ್ಲೌಡ್ ಸರ್ವಿಸ್‌ನ ಹೆಸರು. ಹೆಸರು ಕೊಡದಿದ್ದರೆ ನಿಲ್ಲಿಸಿದ ಕ್ರಾನ್ ಕಂಟೇನರೂ ಏಳುತ್ತದೆ. ಡೌನ್ ಕೊಡುವ ಅಗತ್ಯವೇ ಇಲ್ಲ. ಅಪ್ ಕೊಟ್ಟಾಗ ಬದಲಾದ ಕಂಟೇನರ್‌ಗಳನ್ನು ಮಾತ್ರ ಕಂಪೋಸ್ ಹೊಸದಾಗಿ ಕಟ್ಟುತ್ತದೆ, ಪೋಸ್ಟ್‌ಗ್ರೆಸ್ಸೂ ರೆಡಿಸ್ಸೂ ಮುಟ್ಟಿಸಿಕೊಳ್ಳದೆ ಓಡುತ್ತಿರುತ್ತವೆ. ಡೌನ್ ಜೊತೆ ಕೈತಪ್ಪಿ ಮೈನಸ್ ವಿ ಸೇರಿತೆಂದರೆ ಫೈಲಿನಲ್ಲಿ ಹೆಸರಿಟ್ಟ ವಾಲ್ಯೂಮ್‌ಗಳೇ ಅಳಿಸಿಹೋಗುತ್ತವೆ. ಈ ಒಂದು ಕಾರಣಕ್ಕೇ ಅಪ್‌ಗ್ರೇಡ್ ದಿನ ಆ ಕಮಾಂಡನ್ನು ನಾನು ಟೈಪ್ ಮಾಡುವುದೇ ಇಲ್ಲ.

ಮೇಂಟೆನೆನ್ಸ್ ಮೋಡ್ ಮೊದಲೇ ಆನ್ ಇದ್ದರೆ ಅಪ್‌ಗ್ರೇಡ್ ಮುಗಿದ ಮೇಲೂ ಅದು ಆನ್ ಆಗಿಯೇ ಉಳಿಯುತ್ತದೆ, ನೀವೇ ಆಫ್ ಮಾಡಬೇಕು. ಆಫ್ ಮಾಡಿದ ಮೇಲೂ ಕ್ಯಾಡಿಯ ಬಾಗಿಲು ತೆಗೆಯಬೇಡಿ. ನಿಮ್ಮ ಕಂಪ್ಯೂಟರ್‌ನಿಂದ ನೀವೊಬ್ಬರೇ ಒಳಗೆ ಹೋಗಿ: ಲಾಗಿನ್ ಆಗಿ, ಒಂದು ಫೈಲ್ ಏರಿಸಿ, ಇಳಿಸಿ, ಒಂದು ಹಂಚಿಕೆಯ ಲಿಂಕ್ ತೆರೆಯಿರಿ, ಡೆಸ್ಕ್‌ಟಾಪ್ ಕ್ಲೈಂಟ್ ಹಸಿರಾಗುತ್ತದೆಯೇ ನೋಡಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಇದು ಹಿಂದಕ್ಕೆ ಬರಲು ಇರುವ ಕೊನೆಯ ಅವಕಾಶ. ಇಮೇಜ್ ಹಿಂದಕ್ಕೆ ಹೋಗುತ್ತದೆ, ಡೇಟಾ ಹೋಗುವುದಿಲ್ಲ. 29 ಬದಲಿಸಿದ ಡೇಟಾಬೇಸ್ ಮೇಲೆ 28ರ ಕಂಟೇನರ್ ಓಡುವುದೇ ಇಲ್ಲ, ನೆಕ್ಸ್ಟ್‌ಕ್ಲೌಡ್‌ನಲ್ಲಿ ಡೌನ್‌ಗ್ರೇಡ್ ಅನ್ನುವುದಿಲ್ಲ. ಹಿಂದಕ್ಕೆ ಬರುವುದು ಅಂದರೆ ಡಂಪ್, ಕೋಡ್ ವಾಲ್ಯೂಮ್, ಕಾನ್ಫಿಗ್ ಎಲ್ಲವನ್ನೂ ಹಳೆಯ ಪ್ರತಿಯಿಂದ ಮರಳಿ ತುಂಬುವುದು. ಬಾಗಿಲು ತೆಗೆದು ಜನ ಒಳಗೆ ಬಂದು ಒಂದು ಗಂಟೆ ಕೆಲಸ ಮಾಡಿದ ಮೇಲೆ ಹಾಗೆ ತುಂಬಿದರೆ ಅವರ ಒಂದು ಗಂಟೆಯ ಕೆಲಸ ಹೋಯಿತು. ಬಾಗಿಲು ಹಾಕಿರುವಾಗ ಹಿಂದಕ್ಕೆ ಬಂದರೆ ಯಾರ ಕೆಲಸವೂ ಹೋಗುವುದಿಲ್ಲ. ಆದ್ದರಿಂದ ಇಷ್ಟು ನಿಮಿಷದೊಳಗೆ ಸರಿಹೋಗದಿದ್ದರೆ ಹಳೆಯದಕ್ಕೇ ಮರಳುತ್ತೇನೆ ಅಂತ ಮೊದಲೇ ಒಂದು ಹೊತ್ತು ಬರೆದಿಟ್ಟುಕೊಳ್ಳಿ. ತಾಲೀಮಿನಲ್ಲಿ ರಿಸ್ಟೋರ್‌ಗೆ ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಆ ಲೆಕ್ಕಕ್ಕೆ ಸೇರಿಸಿ.

ಕಚೇರಿಯಲ್ಲೇ ಇರುವ ಸರ್ವರ್ ಆದ್ದರಿಂದ ಕರೆಂಟ್ ವಿಷಯವನ್ನೂ ನೋಡಿಕೊಳ್ಳಿ. ಅಪ್‌ಗ್ರೇಡ್ ಅರ್ಧದಲ್ಲಿರುವಾಗ ಕರೆಂಟ್ ಹೋಗುವುದು ಎಲ್ಲಕ್ಕಿಂತ ಕೆಟ್ಟದ್ದು. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅನ್ನುವುದನ್ನು ಹಿಂದಿನ ವಾರವೇ ಪರೀಕ್ಷಿಸಿ.

29 ಆದ ಮೇಲೆ ಅದೇ ಸಂಜೆ 30ಕ್ಕೂ ಹೋಗಿಬಿಡೋಣ ಅನ್ನಿಸುತ್ತದೆ. ನಾನು ಹಾಗೆ ಮಾಡುವುದಿಲ್ಲ. ಮೇಜರ್ ಅಪ್‌ಗ್ರೇಡ್ ಆದ ಮೇಲೆ ಕೆಲವು ಮೈಗ್ರೇಶನ್‌ಗಳು ಬ್ಯಾಕ್‌ಗ್ರೌಂಡ್ ಜಾಬ್ ಆಗಿ, ಕ್ರಾನ್ ಓಡಿದಾಗ ನಡೆಯುತ್ತವೆ. ಅವು ಮುಗಿಯದೆ ಮುಂದಿನ ಮೇಜರ್‌ಗೆ ಹೋಗಬಾರದು. ಕ್ರಾನ್ ಕಂಟೇನರ್ ಎಬ್ಬಿಸಿ, ಒಂದೆರಡು ದಿನ ಬಿಡಿ. ಇಂಡೆಕ್ಸ್ ಸೇರಿಸುವ ಕೆಲಸವನ್ನು ನೆಕ್ಸ್ಟ್‌ಕ್ಲೌಡ್ ಬೇಕೆಂದೇ ಅಪ್‌ಗ್ರೇಡ್‌ನಿಂದ ಹೊರಗಿಟ್ಟಿದೆ, ದೊಡ್ಡ ಟೇಬಲ್‌ಗಳಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ ಅಂತ. ಡಿಬಿ ಆ್ಯಡ್ ಮಿಸ್ಸಿಂಗ್ ಇಂಡೈಸಸ್ ಅನ್ನುವ ಆಕ್ ಕಮಾಂಡನ್ನು ಸರ್ವರ್ ಓಡುತ್ತಿರುವಾಗಲೇ, ಜನ ಕಡಿಮೆ ಇರುವ ಹೊತ್ತಿನಲ್ಲಿ ಕೊಡಿ. ಹೀಗೆ ಮೂರು ಸಂಜೆ, ಪ್ರತಿ ಸಂಜೆಯೂ ಚಿಕ್ಕ ಅಡಚಣೆ. ಒಂದೇ ರಾತ್ರಿಯ ದೊಡ್ಡ ಅಡಚಣೆಗಿಂತ ಇದೇ ವಾಸಿ, ಏನಾದರೂ ಕೆಟ್ಟರೆ ಯಾವ ಹೆಜ್ಜೆಯಲ್ಲಿ ಕೆಟ್ಟಿತು ಅನ್ನುವುದು ಸ್ಪಷ್ಟವಾಗಿರುತ್ತದೆ.

ಪೋಸ್ಟ್‌ಗ್ರೆಸ್ಸನ್ನು ಇದರ ಜೊತೆ ಬೆರೆಸಬೇಡಿ. 31 ಎದ್ದು ನಿಂತ ಮೇಲೆ ಬೇರೆಯೇ ಒಂದು ಸಂಜೆ ಇಟ್ಟುಕೊಳ್ಳಿ. 31ನೇ ಆವೃತ್ತಿ ಪೋಸ್ಟ್‌ಗ್ರೆಸ್ 13ರ ಮೇಲೂ ಓಡುತ್ತದೆ, 16ರ ಮೇಲೂ ಓಡುತ್ತದೆ. ಆದರೆ ವರ್ಷಗಟ್ಟಲೆ ಮುಂದೂಡಬೇಡಿ, 13ರ ಬೆಂಬಲ 2025ರ ನವೆಂಬರ್‌ನಲ್ಲೇ ಮುಗಿದಿದೆ. 16ಕ್ಕೆ 2028ರವರೆಗೆ ಇದೆ.

ನಿಮ್ಮಷ್ಟು ಗಾತ್ರಕ್ಕೆ ಡಂಪ್ ತೆಗೆದು ಹೊಸದಕ್ಕೆ ತುಂಬುವುದೇ ಸರಿಯಾದ ದಾರಿ. ಡೇಟಾ ಫೋಲ್ಡರನ್ನೇ ಹೊಸ ಆವೃತ್ತಿಗೆ ಬದಲಿಸುವ ಪಿಜಿ-ಅಪ್‌ಗ್ರೇಡ್ ವೇಗದ್ದು ನಿಜ, ಆದರೆ ಅದಕ್ಕೆ ಎರಡೂ ಆವೃತ್ತಿಯ ಬೈನರಿಗಳು ಒಂದೇ ಕಡೆ ಬೇಕು, ಅಧಿಕೃತ ಇಮೇಜ್‌ನಲ್ಲಿ ಒಂದೇ ಇರುತ್ತದೆ. ಓಡುತ್ತಿರುವಾಗಲೇ ಹಳೆಯದರ ಬದಲಾವಣೆಗಳನ್ನು ಹೊಸದಕ್ಕೆ ಕಳಿಸುವ ಲಾಜಿಕಲ್ ರೆಪ್ಲಿಕೇಶನ್ ನೂರಾರು ಜಿಬಿ ಡೇಟಾಬೇಸ್ ಇದ್ದವರಿಗೆ. ನಿಮ್ಮ 600 ಜಿಬಿ ಇರುವುದು ಫೈಲುಗಳಲ್ಲಿ, ಡೇಟಾಬೇಸ್ ಅದರ ಪಕ್ಕದಲ್ಲಿ ಬಹಳ ಚಿಕ್ಕದು. ಹೊಸ ಹೆಸರಿನ ಸರ್ವಿಸ್, ಹೊಸ ಖಾಲಿ ವಾಲ್ಯೂಮ್ ಕೊಟ್ಟು 16ನ್ನು ಹಗಲಲ್ಲೇ ಹಳೆಯದರ ಪಕ್ಕದಲ್ಲಿ ಎಬ್ಬಿಸಿಡಿ. ಸಂಜೆ ಬಾಗಿಲು ಹಾಕಿ, ಕ್ರಾನ್ ಮತ್ತು ಆಪ್ ಕಂಟೇನರ್ ನಿಲ್ಲಿಸಿ, ಪಿಜಿ-ಡಂಪಾಲ್‌ನ ಉತ್ಪತ್ತಿಯನ್ನು ನೇರ ಹೊಸದಕ್ಕೆ ಪೈಪ್ ಮಾಡಿ, ಕೊನೆಗೆ ಡೇಟಾಬೇಸ್‌ನ ಅಂಕಿಅಂಶ ಹೊಸದು ಮಾಡುವ ಅನಲೈಜ್ ಕೊಡಿ. ಹಳೆಯ ವಾಲ್ಯೂಮ್ ಮುಟ್ಟದೆ ಹಾಗೇ ಇರುವುದರಿಂದ, ಬಾಗಿಲು ತೆಗೆಯುವವರೆಗೂ ಹಿಂದಕ್ಕೆ ಬರುವುದು ಇಲ್ಲಿ ಬಹಳ ಸುಲಭ.

ಇಲ್ಲಿ ಎಡವುವ ಜಾಗಗಳು ಬೇರೆ. ಕಂಪೋಸ್ ಫೈಲಿನಲ್ಲಿ ಡೇಟಾಬೇಸ್‌ನ ವಿಳಾಸ ಬದಲಿಸಿದರೂ ನೆಕ್ಸ್ಟ್‌ಕ್ಲೌಡ್ ಹಳೆಯದಕ್ಕೇ ಹೋಗುತ್ತದೆ. ಆ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು ಅದು ನೋಡುವುದು ಮೊದಲ ಇನ್‌ಸ್ಟಾಲ್‌ನಲ್ಲಿ ಮಾತ್ರ, ಆಮೇಲೆ ಎಲ್ಲ ಕಾನ್ಫಿಗ್ ಫೈಲಿನ ಡಿಬಿಹೋಸ್ಟ್ ಹೇಳಿದಂತೆ. ಅದನ್ನು ಅಲ್ಲೇ ಬದಲಿಸಿ. ಹಾಗೆಯೇ ಡಿಬಿಯೂಸರ್ ಯಾರು ಅಂತ ನೋಡಿ. ಇನ್‌ಸ್ಟಾಲ್ ಹೊತ್ತಿನಲ್ಲಿ ನೆಕ್ಸ್ಟ್‌ಕ್ಲೌಡ್ ಓಸಿ ಅಂಡರ್‌ಸ್ಕೋರ್ ಅಡ್ಮಿನ್ ಅನ್ನುವಂಥ ತನ್ನದೇ ಬಳಕೆದಾರನನ್ನು ಮಾಡಿಕೊಂಡಿರಬಹುದು, ಕಂಪೋಸ್ ಫೈಲಿನಲ್ಲಿ ಆ ಹೆಸರು ಎಲ್ಲೂ ಇರುವುದಿಲ್ಲ. ಪಿಜಿ-ಡಂಪಾಲ್ ಆದರೆ ಬಳಕೆದಾರರನ್ನೂ ಹೊತ್ತು ತರುತ್ತದೆ.

ಆದರೆ ಅದು ತರುವ ಪಾಸ್‌ವರ್ಡ್ ಎಂಡಿ5 ಎಂಬ ಹಳೆಯ ಗೂಢ ರೂಪದಲ್ಲಿರುತ್ತದೆ. 14ರಿಂದ ಈಚೆಗಿನ ಪೋಸ್ಟ್‌ಗ್ರೆಸ್ ಇಮೇಜ್ ನೆಟ್‌ವರ್ಕ್‌ನಿಂದ ಬರುವವರಿಗೆ ಸ್ಕ್ರ್ಯಾಮ್ ಎಂಬ ಹೊಸ ರೂಪವನ್ನೇ ಕೇಳುತ್ತದೆ. ಹಾಗಾಗಿ ಪಾಸ್‌ವರ್ಡ್ ಅಕ್ಷರ ಅಕ್ಷರ ಸರಿಯಿದ್ದರೂ ಪಾಸ್‌ವರ್ಡ್ ತಪ್ಪು ಅಂತಲೇ ಲಾಗ್ ಹೇಳುತ್ತಿರುತ್ತದೆ, ಇದು ಗೊತ್ತಿಲ್ಲದವರು ಗಂಟೆಗಟ್ಟಲೆ ಕಾನ್ಫಿಗ್ ಫೈಲನ್ನೇ ನೋಡುತ್ತಾ ಕೂರುತ್ತಾರೆ. ಹೊಸ ಡೇಟಾಬೇಸ್‌ನಲ್ಲಿ ಆಲ್ಟರ್ ಯೂಸರ್ ಕೊಟ್ಟು ಅದೇ ಪಾಸ್‌ವರ್ಡನ್ನು ಮತ್ತೊಮ್ಮೆ ಇಟ್ಟರೆ ಸಾಕು, ಹೊಸ ರೂಪದಲ್ಲಿ ಕೂರುತ್ತದೆ. ಜೊತೆಗೆ ಆ ಬಳಕೆದಾರನನ್ನೇ ಡೇಟಾಬೇಸ್‌ನ ಓನರ್ ಮಾಡಿಡಿ. 15ರಿಂದ ಪಬ್ಲಿಕ್ ಸ್ಕೀಮಾದಲ್ಲಿ (ಟೇಬಲ್‌ಗಳು ಕೂರುವ ಮೂಲ ವಿಭಾಗ) ಟೇಬಲ್ ಕಟ್ಟುವ ಹಕ್ಕು ಎಲ್ಲರಿಗೂ ತಾನಾಗಿ ಸಿಗುವುದಿಲ್ಲ. ಓನರ್ ಮಾಡದಿದ್ದರೆ ಇವತ್ತು ಎಲ್ಲ ಸರಿಯಾಗಿ ಓಡುತ್ತಿರುವಂತೆ ಕಂಡು, ಮುಂದಿನ ಅಪ್‌ಗ್ರೇಡ್‌ನಲ್ಲಿ ಹೊಸ ಟೇಬಲ್ ಕಟ್ಟುವಾಗ ನಿಲ್ಲಬಹುದು.

ಪೋಸ್ಟ್‌ಗ್ರೆಸ್ ಕಂಟೇನರ್‌ಗೆ ಸ್ಟಾಪ್ ಗ್ರೇಸ್ ಪೀರಿಯಡ್ ಒಂದು ನಿಮಿಷಕ್ಕಿಂತ ಹೆಚ್ಚು ಕೊಡಿ. ಡಾಕರ್ ತಾನಾಗಿ ಕಾಯುವುದು 10 ಸೆಕೆಂಡು, ಅಷ್ಟರಲ್ಲಿ ನಿಲ್ಲದಿದ್ದರೆ ಬಲವಂತವಾಗಿ ಕೊಲ್ಲುತ್ತದೆ. ಮತ್ತೆ ಏಳುವಾಗ ಪೋಸ್ಟ್‌ಗ್ರೆಸ್ ಚೇತರಿಸಿಕೊಳ್ಳುತ್ತದೆ ನಿಜ, ಆದರೆ ಆ ಚೇತರಿಕೆಯ ಹೊತ್ತೂ ನಿಮ್ಮ ಕಾಲು ಗಂಟೆಯಲ್ಲೇ ಕಳೆಯುತ್ತದೆ. ರೆಡಿಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮಲ್ಲಿ ಅದರೊಳಗಿರುವುದು ಕ್ಯಾಶ್, ಫೈಲ್ ಲಾಕ್‌ಗಳು, ಹೆಚ್ಚೆಂದರೆ ಲಾಗಿನ್ ಸೆಶನ್‌ಗಳು. ಯಾವತ್ತು ಬೇಕಾದರೂ ಹೊಸ ಟ್ಯಾಗ್ ಹಾಕಿ.

ತಾಲೀಮಿನಲ್ಲಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಲಾಗ್‌ನ ಕೊನೆಯ ಇಪ್ಪತ್ತು ಸಾಲು ಮತ್ತು ಕಂಪೋಸ್ ಫೈಲನ್ನು ಇಲ್ಲೇ ಹಾಕಿ, ಪಾಸ್‌ವರ್ಡ್‌ಗಳನ್ನು ತೆಗೆದು. ನೋಡಿ ಹೇಳುತ್ತೇನೆ.